ಹಿರಿಯೂರು ಮನೆ ಗುಂಪು: ಭಾನುವಾರದ ವಿಡಿಯೊ

ಪುಟ್ಟ: [ವಿಡಿಯೊ] ಬೆಳಿಗ್ಗೆ ಅವತಿ ಬೆಟ್ಟದ ಹಿಂದೆ ಸೈಕಲ್ ಓಡಿಸಿದ್ದು. ರಾತ್ರಿಯೆಲ್ಲ ಮಳೆ, ದಾರೀಲಿ ಒಬ್ಬರೂ ಇಲ್ಲ. ಸಖತ್ತಾಗಿತ್ತು!

ಅಕ್ಕ: ಮಧ್ಯ ನಿಲ್ಲಿಸಿ ನೋಡಿದೆ. ಟೈರಿನ ಉಬ್ಬುಗಳೇ ಕಾಣ್ತಿಲ್ಲ, ಮಣ್ಣು ಮೆತ್ತಿ ಚಕ್ರ ಹಿಡಿದಿರೋ ಫೋರ್ಕಿಗೆ ಉಜ್ಜುತ್ತಾ ಇದೆ. ಹಿಂದೆ ಮೂರು ಬೆರಳು ಆಳದ ಗೆರೆ. ಅಲ್ಲಿಂದಲೇ ಯಾಕೆ ವಾಪಸ್ ಬರಲಿಲ್ಲ?

ಪುಟ್ಟ: ಆರು ದಿನ ಆಫೀಸು ಅಕ್ಕ. ಮಳೆ ಅಂತ ಭಾನುವಾರನೂ ಕೂತರೆ ಅಕ್ಟೋಬರ್ ಪೂರ್ತಿ ಹೋಯ್ತು. ಅದೇ ದಾರೀಲಿ ದನ ಹೋಗಲ್ವಾ, ಟ್ರ್ಯಾಕ್ಟರ್ ಹೋಗಲ್ವಾ?

ಅಕ್ಕ: ಟ್ರ್ಯಾಕ್ಟರ್ ಹೋಗೋದು ಕೆಳಗಿನ ಬಂಡಿ ದಾರೀಲಿ. ನೀನು ಇಳಿದಿರೋದು ಒಂದಡಿ ಅಗಲದ ಕಾಲುದಾರಿ. ದನದ ಹೆಜ್ಜೆ ಬಿಡಿ ಬಿಡಿ ಕೂರುತ್ತೆ, ಅದರೊಳಗೆ ನೀರು ನಿಲ್ಲುತ್ತೆ. ಚಕ್ರದ ಗೆರೆ ಮೇಲಿಂದ ಕೆಳಗಿನ ತನಕ ಒಂದೇ. ಮುಂದಿನ ಮಳೆ ನೀರು ಅದನ್ನೇ ಹಿಡಿದು ಓಡಿ ಕೊರಕಲು ಮಾಡುತ್ತೆ. ಬ್ರೇಕ್ ಹಿಡಿದು ಜಾರಿಸಿದ ಕಡೆ ಇನ್ನೂ ಬೇಗ.

ದೊಡ್ಡಣ್ಣ: ಇಲ್ಲಿ ಅಮೆರಿಕದ ಸಾಂಟಾ ಕ್ಲಾರಾ ಕೌಂಟಿ ಪಾರ್ಕುಗಳಲ್ಲಿ ಮಳೆ ಆದಮೇಲೆ ಕೆಲವು ಟ್ರೇಲ್ ಸೈಕಲ್‌ಗೂ ಬಂದ್, ಕುದುರೆಗೂ ಬಂದ್. ನನ್ನ ಲೆಕ್ಕದಲ್ಲಿ ಎಲ್ಲ ಕಡೆಗೂ ಮಳೆ ನಿಂತಮೇಲೆ ಎರಡು ದಿನ ಬಂದ್ ಅಂತ ಇಟ್ಟುಬಿಡಬೇಕು. ವಾದವೇ ಇರಲ್ಲ.

ಪುಟ್ಟ: ಹಾಗಾದ್ರೆ ವೇಲ್ಸ್‌ನ ಕೋಯ್ಡ್-ಅ-ಬ್ರೆನಿನ್‌ನಲ್ಲಿ ಮಳೇಲೇ ಓಡಿಸ್ತಾರಲ್ಲ ಅಣ್ಣ?

ಅಕ್ಕ: ಅದು ಸೈಕಲ್‌ಗೆ ಅಂತಲೇ ಕಲ್ಲು ಹಾಸಿ ಕಟ್ಟಿರೋ ದಾರಿ. ನಮ್ಮದು ಕುರಿ ಮೇಯಿಸೋರು ನಡೆದೂ ನಡೆದೂ ಆಗಿರೋದು.

ಚಿಕ್ಕಪ್ಪ: ದಿನದ ಲೆಕ್ಕ ಮಣ್ಣಿಗೆ ಹಿಡಿಸಲ್ಲ ಕಣ್ರಪ್ಪ. ನಮ್ಮ ಎರೆ ಹೊಲಕ್ಕೆ ಜೋರು ಮಳೆ ಬಿದ್ದರೆ ವಾರ ಕಾಲಿಡೋಕಾಗಲ್ಲ, ಒಂದೊಂದು ಚಪ್ಪಲಿಗೂ ಸೇರು ಮಣ್ಣು. ಅದೇ ಮಳೆ ಬಿದ್ದರೂ ಮೇಲ್ಗಡೆ ಮರಳುಗೆಂಪು ಹೊಲದಲ್ಲಿ ಮಾರನೇ ದಿನವೇ ಕುಂಟೆ ಹೊಡೀತೀವಿ. ಪುಟ್ಟ, ಒಂದು ಹಿಡಿ ಮಣ್ಣು ತಗೊಂಡು ಉಂಡೆ ಮಾಡು. ಸೊಂಟದೆತ್ತರದಿಂದ ಬಿಡು. ಒಡೆದು ಪುಡಿಯಾದರೆ ಹದ. ಚಪ್ಪಟೆಯಾಗಿ ಕೂತರೆ ಇನ್ನೂ ಹಸಿ. ಹಸೀಲಿ ಉತ್ತರೆ ಹೆಂಟೆ ಏಳುತ್ತೆ, ಒಣಗಿದ ಮೇಲೆ ಕಲ್ಲು.

ಅಕ್ಕ: ಚಿಕ್ಕಪ್ಪ, ನೀವು ಹೇಳಿದ್ದೇ ಸರಿ. ಅವತೀಲೂ ಗರಸು ಇರೋ ಏರು ಮಧ್ಯಾಹ್ನಕ್ಕೆ ಆರುತ್ತೆ, ಕೆಳಗೆ ಲಂಟಾನದ ನೆರಳಲ್ಲಿ ಮೂರನೇ ದಿನವೂ ಪಿಚ್ ಅನ್ನುತ್ತೆ. ಹದ ಬಂದ ಕೆಂಪು ಮಣ್ಣಿನಷ್ಟು ಹಿಡಿತ ಮಾರ್ಚ್ ತಿಂಗಳ ಧೂಳಲ್ಲಿ ಸಿಗೋದೇ ಇಲ್ಲ. ಪುಟ್ಟ, ಕಾಯ್ದರೆ ಲಾಭ ನಿನಗೇ ಕಣೋ.

ದೊಡ್ಡಣ್ಣ: ನೂರು ಜನ ಬರೋ ಕಡೆ ಯಾರು ಉಂಡೆ ಮಾಡಿ ನೋಡ್ತಾರೆ? ಬೋರ್ಡ್ ಹಾಕಿದರೆ ಎಲ್ಲರಿಗೂ ಒಂದೇ ನಿಯಮ.

ಅಕ್ಕ: ಬೋರ್ಡ್ ಹಾಕೋಕೆ, ಕಾಯೋಕೆ ಅಲ್ಲಿ ಜನ ಇದ್ದಾರೆ ಅಣ್ಣ. ಇಲ್ಲಿ ನಾವೇ ಬಗ್ಗಿ ಮಣ್ಣು ಮುಟ್ಟಬೇಕು.

ಪುಟ್ಟ: ಅಷ್ಟು ದೂರ ಹೋಗಿ ಹಸಿ ಅಂತ ಗೊತ್ತಾದರೆ?

ಅಕ್ಕ: ಪಾಚಿ ಇಲ್ಲದ ಬಂಡೆ ಇದೆ, ಡಾಂಬರು ರಸ್ತೆ ಇದೆ, ಅಲ್ಲಿ ಓಡಿಸು. ಒಳ್ಳೆ ದಾರೀಲಿ ಮಧ್ಯ ಒಂದು ಗುಂಡಿ ನೀರು ಸಿಕ್ಕರೆ ನಿಧಾನವಾಗಿ ನಡುವೆಯೇ ಹೋಗು. ಎಲ್ಲರೂ ಪಕ್ಕಕ್ಕೆ ತಿರುಗಿಸೇ ಒಂದಡಿ ದಾರಿ ನಾಲ್ಕಡಿ ಆಗೋದು. ಮತ್ತೆ ಸೈಕಲ್ ತೊಳೆಯುವಾಗ ಚಕ್ರದ ನಡುವಿನ ಹಬ್‌ಗೆ ನೇರವಾಗಿ ಪ್ರೆಶರ್ ನೀರು ಹಿಡೀಬೇಡ, ಬೇರಿಂಗಿನ ಗ್ರೀಸ್ ಹೋಗುತ್ತೆ.

ಪುಟ್ಟ: [ಫೋಟೊ] ಟೈರಿಂದ ಕೆರೆದ ಮಣ್ಣು. ಉಂಡೆ ಮಾಡಿ ಬಿಟ್ಟೆ ಚಿಕ್ಕಪ್ಪ. ರೊಟ್ಟಿ ಥರ ಕೂತಿದೆ. ತಪ್ಪಾಯ್ತು. ಬರೋ ಭಾನುವಾರ ಗುದ್ದಲಿ ತಗೊಂಡು ಹೋಗಿ ಗೆರೆ ಮುಚ್ತೀನಿ.

ಚಿಕ್ಕಪ್ಪ: ಅವತ್ತೂ ಹಸಿ ಇದ್ದರೆ ಮುಟ್ಟಬೇಡ. ಬರೀ ಮಣ್ಣು ತುಂಬಿದರೆ ಕೊಚ್ಚಿ ಹೋಗುತ್ತೆ. ಇಳಿಜಾರು ಶುರುವಾಗೋ ಕಡೆ ಓರೆಯಾಗಿ ಒಂದು ಸಾಲು ಕಲ್ಲು ಹೂತಿಡು, ನೀರು ಪಕ್ಕಕ್ಕೆ ತಿರುಗಲಿ. ಆಮೇಲೆ ಮಣ್ಣು.

ಅಕ್ಕ: ನಾನೂ ಬರ್ತೀನಿ. ಬಾಂಡ್ಲಿ ನನ್ನ ಹತ್ತಿರ ಇದೆ.