ಗೇಮಿಂಗ್‌ಗೆ ಎಸ್‌ಎಸ್‌ಡಿ ಬೇಕೇ ಬೇಕಾ? ಹಳೇ ಐ5 ಮಷೀನ್, 6000 ರೂಪಾಯಿ ಬಜೆಟ್

ಬೆಣ್ಣೆದೋಸೆ_ಪ್ಲೇಯರ್:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಸಿಸ್ಟಮ್. ಐ5 4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷ ಆಯಿತು. ಆಡುವುದು ವ್ಯಾಲೊರಂಟ್ ಮತ್ತು ಜಿಟಿಎ 5, ಅಷ್ಟೇ.

ಪವರ್ ಬಟನ್ ಒತ್ತಿ, ಹೋಗಿ ಕಾಫಿ ಕುಡಿದು ಬಂದರೂ ವಿಂಡೋಸ್ ಇನ್ನೂ ಏಳುತ್ತಾ ಇರುತ್ತದೆ. ವ್ಯಾಲೊರಂಟ್‌ನಲ್ಲಿ ನಾನು ಮ್ಯಾಪ್ ಒಳಗೆ ಬರುವಷ್ಟರಲ್ಲಿ ಉಳಿದ ನಾಲ್ಕು ಜನ ಗನ್ ತಗೊಂಡು ನಿಂತಿರುತ್ತಾರೆ, ಮೇಲೆ ಬೈಗುಳ ಫ್ರೀ. ಜಿಟಿಎನಲ್ಲಿ ಕಾರು ಜೋರಾಗಿ ಬಿಟ್ಟರೆ ಮುಂದಿನ ಕಟ್ಟಡಗಳು ಮೊದಲು ಮಸುಕು ಮಸುಕಾಗಿ ಬಂದು ಆಮೇಲೆ ಸರಿಹೋಗುತ್ತವೆ, ಅದೇ ಹೊತ್ತಿಗೆ ಕ್ಯಾಬಿನೆಟ್ ಒಳಗಿಂದ ಕರ್ ಕರ್ ಅಂತ ಸದ್ದು.

ಅಪ್ಪ 6000 ಕೊಡುತ್ತೇನೆ ಅಂದಿದ್ದಾರೆ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಅಂಗಡಿಯಲ್ಲಿ ಕೇಳಿದರೆ "ಎನ್‌ವಿಎಂಇ ಹಾಕಿಸಿ, ಎಫ್‌ಪಿಎಸ್ ಡಬಲ್ ಆಗುತ್ತೆ" ಅಂದರು. (ಎನ್‌ವಿಎಂಇ ಅಂದರೆ ಇನ್ನೂ ವೇಗದ ಎಸ್‌ಎಸ್‌ಡಿ, ಎಫ್‌ಪಿಎಸ್ ಅಂದರೆ ಆಟದಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್ ಅಥವಾ ಚಿತ್ರಗಳ ಲೆಕ್ಕ.) ನಿಜವಾ? ಅಥವಾ ಈ ದುಡ್ಡು ಕೂಡಿಟ್ಟು ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು ಒಳ್ಳೆಯದಾ?

ತಂಪುಫ್ಯಾನ್:
ಎಸ್‌ಎಸ್‌ಡಿ ಹಾಕಿದರೆ ಒಂದು ಫ್ರೇಮ್ ಕೂಡ ಏರುವುದಿಲ್ಲ ಗುರು, ಬರೆದಿಟ್ಟುಕೋ. ನಾನು ನಾಲ್ಕು ವರ್ಷ ಹಾರ್ಡ್ ಡಿಸ್ಕಿನಲ್ಲೇ ಆಡಿದ್ದೇನೆ, ಲೋಡ್ ಆಗುವಾಗ ನೀರು ಕುಡಿದು ಬಂದರಾಯಿತು. ದುಡ್ಡು ಹಾಗೇ ಇಟ್ಟುಕೊಂಡು 1050 ಟಿಐ ಮಾರಿ, ಎರಡೂ ಸೇರಿಸಿ ದೊಡ್ಡ ಕಾರ್ಡ್ ತಗೋ. ಆಟ ಆಡುವುದಕ್ಕಾ ಕಂಪ್ಯೂಟರ್ ಇಟ್ಟಿರುವುದು, ಲೋಡಿಂಗ್ ಸ್ಕ್ರೀನ್ ನೋಡುವುದಕ್ಕಾ?

ಗಿರ್ಮಿಟ್_17:
ತಂಪುಫ್ಯಾನ್ ಹೇಳಿದ ಮೊದಲ ಮಾತು ಸರಿ, ಉಳಿದದ್ದು ಒಪ್ಪುವುದಿಲ್ಲ. ಎಫ್‌ಪಿಎಸ್ ಏರಿಸುವುದು ಕಾರ್ಡು, ಡಿಸ್ಕ್ ಅಲ್ಲ. ಆದರೆ ಪ್ರಶ್ನೆ ಕೇಳಿದವರು ಎಫ್‌ಪಿಎಸ್ ಕಡಿಮೆ ಅಂತ ಎಲ್ಲೂ ಹೇಳಿಯೇ ಇಲ್ಲ ಅಲ್ವಾ? ಅವರ ಮೂರೂ ದೂರು ಡಿಸ್ಕಿನದ್ದೇ. ಆ ಕರ್ ಕರ್ ಸದ್ದೇ ಹೇಳುತ್ತಿದೆ.

ಯಾಕೆ ಅಂತ ಹೇಳುತ್ತೇನೆ. ಕಿರಾಣಿ ಅಂಗಡಿಗೆ ಹೋಗಿ ಒಂದು ಮೂಟೆ ಅಕ್ಕಿ ಕೇಳಿ, ಬೇಗ ತಂದು ಇಡುತ್ತಾನೆ. ಐವತ್ತು ಬಗೆ ಸಾಮಾನು ನೂರು ನೂರು ಗ್ರಾಂ ಕೊಡು ಅನ್ನಿ, ಅವನು ಏಣಿ ಹತ್ತಿ ಇಳಿದು ಸುಸ್ತಾಗುತ್ತಾನೆ. ಹಾರ್ಡ್ ಡಿಸ್ಕ್ ಹಾಗೇ. ದೊಡ್ಡ ಸಿನಿಮಾ ಫೈಲ್ ಆದರೆ ಸೆಕೆಂಡಿಗೆ 150 ಎಂಬಿ ಆರಾಮಾಗಿ ಕೊಡುತ್ತದೆ. ಗೇಮ್ ಕೇಳುವುದು ಚಿಕ್ಕ ಚಿಕ್ಕ ತುಣುಕು, ಬೇರೆ ಬೇರೆ ಜಾಗದ್ದು. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ತಿರುಗುವ ತಟ್ಟೆ ಒಂದು ಸುತ್ತು ಬರಲು 8 ಮಿಲಿಸೆಕೆಂಡ್ ಮೇಲೆ ಬೇಕು, ಜೊತೆಗೆ ಓದುವ ಹೆಡ್ ಆ ಜಾಗಕ್ಕೆ ಸರಿಯಲು ಇನ್ನಷ್ಟು. ಹೀಗೆ ಹುಡುಕುತ್ತಾ ಹೋದರೆ ಸೆಕೆಂಡಿಗೆ ನೂರರ ಆಸುಪಾಸು ತುಣುಕು ಸಿಕ್ಕರೆ ಪುಣ್ಯ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಸಾವಿರಗಟ್ಟಲೆ ಬರುತ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ, ವಿಂಡೋಸ್ ಆನ್ ಆದ ಮೊದಲ ಐದು ನಿಮಿಷ ಡಿಸ್ಕ್ 100% ಕೆಂಪಾಗಿ ನಿಂತಿರುತ್ತದೆ.

ಎನ್‌ವಿಎಂಇ ಮಾತ್ರ ಬೇಡವೇ ಬೇಡ. ಎಚ್81 ಬೋರ್ಡುಗಳಲ್ಲಿ ಹೆಚ್ಚುಕಡಿಮೆ ಯಾವುದರಲ್ಲೂ ಎಂ.2 ಸ್ಲಾಟ್ (ಎನ್‌ವಿಎಂಇ ಸಿಕ್ಕಿಸುವ ಜಾಗ) ಇರುವುದಿಲ್ಲ. ಅಡಾಪ್ಟರ್ ಹಾಕಬಹುದು, ಆದರೆ ಆ ಕಾಲದ ಬಯಾಸ್ (ಆನ್ ಮಾಡಿದಾಗ ಮೊದಲು ಏಳುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅದರಿಂದ ಬೂಟ್ ಮಾಡಲು, ಅಂದರೆ ವಿಂಡೋಸ್ ಎಬ್ಬಿಸಲು, ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೋರ್ಡ್ ಯಾವುದು ಅಂತಲೂ ಕೇಳದೆ ಮಾರಲು ಹೊರಟವರ ಮಾತು ಬಿಟ್ಟುಬಿಡಿ. ನಿಮಗೆ ಬೇಕಾಗಿರುವುದು ಹಾರ್ಡ್ ಡಿಸ್ಕಿನ ಹಾಗೇ ಕೇಬಲ್ ಸಿಕ್ಕಿಸುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ.

ಡಬ್ಬಿ ಮೇಲೆ ಸಾಟಾಗೆ ಸೆಕೆಂಡಿಗೆ 550 ಎಂಬಿ, ಎನ್‌ವಿಎಂಇಗೆ 3500, ಇನ್ನೂ ಹೊಸದಕ್ಕೆ 7000 ಅಂತ ಇರುತ್ತದೆ, ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಡಿಸ್ಕಿನಿಂದ ಬಂದ ಫೈಲನ್ನು ಬಿಚ್ಚಿ ಜೋಡಿಸುವುದು ಪ್ರೊಸೆಸರ್ ಕೆಲಸ, ಅಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹೆಚ್ಚಿನ ಆಟಗಳಲ್ಲಿ ಎರಡರ ನಡುವೆ ಕೆಲವೇ ಸೆಕೆಂಡ್ ವ್ಯತ್ಯಾಸ. ನಿಮ್ಮ ಜಿಟಿಎ ಕತೆಯೇ ಇದೆ ನೋಡಿ, ಅದರ ಆನ್‌ಲೈನ್ ಲೋಡಿಂಗ್ ವರ್ಷಗಟ್ಟಲೆ ನಿಧಾನ ಇತ್ತು, ಎಸ್‌ಎಸ್‌ಡಿ ಹಾಕಿದವರಿಗೂ ನಿಮಿಷಗಟ್ಟಲೆ ಕಾಯುವುದು ತಪ್ಪಿರಲಿಲ್ಲ. 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ಕೆದಕಿ ನೋಡಿದರೆ, 10 ಎಂಬಿಯ ಒಂದು ಪಟ್ಟಿಯನ್ನು ಗೇಮ್ ತೀರಾ ದಡ್ಡತನದಿಂದ ಓದುತ್ತಿತ್ತು! ರಾಕ್‌ಸ್ಟಾರ್ (ಆ ಆಟ ಮಾಡಿದ ಕಂಪನಿ) ಅದನ್ನು ಒಪ್ಪಿ ಸರಿಮಾಡಿತು, ಆತನಿಗೆ 10,000 ಡಾಲರ್ ಬಹುಮಾನ ಕೂಡ ಕೊಟ್ಟಿತು. ಎಲ್ಲ ನಿಧಾನಕ್ಕೂ ಡಿಸ್ಕೇ ಕಾರಣ ಅಲ್ಲ.

ಹೊಸ ಆಟಗಳ ಲೆಕ್ಕ ಬೇರೆ. 2020ರ ಕೊನೆಗೆ ಬಂದ ಗೇಮ್ ಕನ್ಸೋಲ್‌ಗಳಾದ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಸ್‌ಎಸ್‌ಡಿಯೇ ಇರುವುದರಿಂದ ಆಟ ಮಾಡುವವರು ಹಾರ್ಡ್ ಡಿಸ್ಕ್ ಮರೆತೇಬಿಟ್ಟರು. ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಎರಡೂ ಎಸ್‌ಎಸ್‌ಡಿ ಬೇಕೇ ಬೇಕು ಅಂತ ಬರೆದಿವೆ. ಅವು ನಿಮ್ಮ 1050 ಟಿಐಗೆ ಹೇಗೂ ಭಾರ, ಆ ಮಾತು ಬಿಡಿ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ (ರ‍್ಯಾಮ್) ಎಷ್ಟು ಬಳಕೆಯಾಗಿದೆ ಅಂತ ನೋಡಿ ಹೇಳಿ. 90% ದಾಟಿದ್ದರೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಎತ್ತಿ ಹಾಕುತ್ತಾ ಇರುತ್ತದೆ.

ಬೆಣ್ಣೆದೋಸೆ_ಪ್ಲೇಯರ್:
ನೋಡಿದೆ ಸರ್. ಜಿಟಿಎ, ಡಿಸ್ಕಾರ್ಡ್ (ಚಾಟ್ ಆ್ಯಪ್), ಬ್ರೌಸರ್ ಮೂರೂ ಇದ್ದಾಗ 93%. ಬ್ರೌಸರ್ ಮುಚ್ಚಿದರೆ 78ಕ್ಕೆ ಇಳಿಯುತ್ತದೆ.

ಗಿರ್ಮಿಟ್_17:
ಹಾಗಾದರೆ ಸದ್ಯಕ್ಕೆ ಬ್ರೌಸರ್ ಮುಚ್ಚಿ ಆಡಿ, ದುಡ್ಡು ಎಸ್‌ಎಸ್‌ಡಿಗೆ ಹಾಕಿ. ಮಿಕ್ಕರೆ ಹಳೇ ಡಿಡಿಆರ್3 ರ‍್ಯಾಮ್ ಸ್ಟಿಕ್ ಒಂದು ಹುಡುಕಿ. 240-256 ಜಿಬಿ ಬೇಡ. ಜಿಟಿಎ ಒಂದೇ 100 ಜಿಬಿ ದಾಟುತ್ತದೆ, ವಿಂಡೋಸ್ ಸೇರಿದರೆ ತುಂಬಿಹೋಯಿತು. 500 ತಗೊಳ್ಳಿ. ಅದು ವಿಂಡೋಸ್‌ನಲ್ಲಿ 465 ಅಂತ ಕಾಣುತ್ತದೆ, ಮೋಸ ಅಲ್ಲ, ಎಣಿಸುವ ರೀತಿ ಬೇರೆ. ಡಬ್ಬಿಯಲ್ಲಿ ಸಾಟಾ ಕೇಬಲ್ ಇರುವುದಿಲ್ಲ, ಅದನ್ನು ಬೇರೆ ತಗೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಮನೆಗೆ ಬಂದು ಪೆಚ್ಚಾಗಿ ಕೂರಬೇಕು.

ನೀರ್‌ದೋಸೆ_ಮಾರಾಯ:
ಒಂದು ಮಾತು ಸೇರಿಸುತ್ತೇನೆ, ನಾನು ತಿಂದ ಪೆಟ್ಟು. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತುಬಿಡಿ ಮಾರಾಯ್ರೇ. ನಾನು ಎರಡನ್ನೂ ಇಟ್ಟೇ ಹಾಕಿದೆ. ಎಲ್ಲ ಚೆನ್ನಾಗಿಯೇ ಇತ್ತು. ಏಳು ತಿಂಗಳ ನಂತರ ಹಾರ್ಡ್ ಡಿಸ್ಕ್ ಸತ್ತಿತು, ಹೋಗಲಿ ಅಂತ ಕಿತ್ತು ತೆಗೆದರೆ ಕಂಪ್ಯೂಟರೇ ಏಳಲಿಲ್ಲ. ವಿಂಡೋಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ, ಬೂಟ್ ಆಗುವ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಮಾತ್ರ ಹಳೇ ಡಿಸ್ಕಿನಲ್ಲಿ ಹೋಗಿ ಕೂತಿತ್ತು. ವಿಂಡೋಸ್ ಅಲ್ಲೊಂದು ಹಳೇ ಬೂಟ್ ಪಾರ್ಟಿಷನ್ ಕಂಡು ಅದನ್ನೇ ಬಳಸಿಕೊಂಡಿದೆ. ರಾತ್ರಿ ಎರಡು ಗಂಟೆವರೆಗೆ ಕೂತು ಮತ್ತೆ ಮೊದಲಿನಿಂದ ಹಾಕಿದೆ.

ಕ್ಯಾಬಿನೆಟ್‌ನಲ್ಲಿ ಎಸ್‌ಎಸ್‌ಡಿ ಕೂರಿಸುವ ಜಾಗ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಳಗೆ ಅಲುಗುವುದು ಏನೂ ಇಲ್ಲ, ನನ್ನದು ಡಬಲ್ ಸೈಡ್ ಟೇಪ್ ಮೇಲೆ ನಿಂತಿದೆ.

ಬೆಣ್ಣೆದೋಸೆ_ಪ್ಲೇಯರ್:
ಅಪ್‌ಡೇಟ್. 500 ಜಿಬಿ ಸಾಟಾ ತಂದು ಭಾನುವಾರ ಹಾಕಿದೆ. ಕೇಬಲ್ ಕಿತ್ತೇ ವಿಂಡೋಸ್ ಹಾಕಿದ್ದು. ಬೋರ್ಡಿನ ನಾಲ್ಕು ಪೋರ್ಟ್‌ನಲ್ಲಿ ಎರಡು ಮಾತ್ರ 6 ಜಿಬಿಪಿಎಸ್ ವೇಗದ್ದು ಅಂತ ಮ್ಯಾನುಯಲ್ ನೋಡಿ ಗೊತ್ತಾಯಿತು, ಅದರಲ್ಲಿ ಒಂದಕ್ಕೆ ಸಿಕ್ಕಿಸಿದೆ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ನೋಡಿದ್ದು: ಬಟನ್ ಒತ್ತಿ ಬ್ರೌಸರ್ ತೆರೆಯುವವರೆಗೆ ಮೊದಲು 3 ನಿಮಿಷ 10 ಸೆಕೆಂಡ್, ಈಗ 31 ಸೆಕೆಂಡ್. ಜಿಟಿಎ ಸ್ಟೋರಿ ಮೋಡ್ 2 ನಿಮಿಷ 15ರಿಂದ 50 ಸೆಕೆಂಡಿಗೆ ಬಂತು. ಎಫ್‌ಪಿಎಸ್ ಅದೇ 55-60, ತಂಪುಫ್ಯಾನ್ ಅಣ್ಣ ಹೇಳಿದ ಹಾಗೆ ಒಂದೂ ಏರಿಲ್ಲ. ಆದರೆ ಕಾರು ಜೋರಾಗಿ ಬಿಟ್ಟಾಗ ಆ ತಡವರಿಸುವುದು ಹೋಗಿದೆ, ನನಗೆ ಅದೇ ದೊಡ್ಡದು. ವ್ಯಾಲೊರಂಟ್‌ನಲ್ಲಿ ಈಗ ನಾನೇ ಬೇರೆಯವರಿಗೆ ಕಾಯುತ್ತೇನೆ.

ತಂಪುಫ್ಯಾನ್:
ಸರಿ ಬಿಡು, ಖುಷಿಯಾದರೆ ಸಾಕು. ಕಾರ್ಡ್ ಮಾತ್ರ ಯಾವತ್ತಿದ್ದರೂ ಬದಲಿಸಲೇಬೇಕು, ಆಗ ನೆನಪಿಸಿಕೋ.

ಬೆಣ್ಣೆದೋಸೆ_ಪ್ಲೇಯರ್:
ಖಂಡಿತ ಅಣ್ಣ. ಇನ್ನೊಂದು ಸಣ್ಣ ಡೌಟ್. ಹಳೇ ಹಾರ್ಡ್ ಡಿಸ್ಕನ್ನು ಫೋಟೋ, ಸಿನಿಮಾ ಇಡಲು ವಾಪಸ್ ಸಿಕ್ಕಿಸಿದೆ. ಕರ್ ಕರ್ ಸದ್ದು ಈಗ ಗೇಮ್ ಇಲ್ಲದಿದ್ದರೂ ಬರುತ್ತಿದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ ಕಾಷನ್ (ಎಚ್ಚರಿಕೆ) ಅಂತ ತೋರಿಸುತ್ತಿದೆ. ಅಕ್ಕನ ಮದುವೆ ಫೋಟೋ ಪೂರ್ತಿ ಅದರಲ್ಲೇ ಇವೆ. ಏನಾದರೂ ತೊಂದರೆನಾ?

ಗಿರ್ಮಿಟ್_17:
ಆಟ ನಿಲ್ಲಿಸಿ ಈಗಲೇ ಆ ಫೋಟೋ ಎಲ್ಲ ಎಸ್‌ಎಸ್‌ಡಿಗೆ ಕಾಪಿ ಹಾಕಿ. ಮಿಕ್ಕ ಮಾತು ಆಮೇಲೆ.