ಡಿಟರ್ಜೆಂಟ್ ಪಾಡ್ ಮುಂದುವರಿಸಲೇ, ಪುಡಿಗೆ ಮರಳಲೇ?

ಎಡಗೈಯವಳು:

ಎಲ್ಲರಿಗೂ ನಮಸ್ಕಾರ. ಬಟ್ಟೆ ಒಗೆಯುವ ವಿಷಯದಲ್ಲಿ ತೀರ್ಮಾನಕ್ಕೆ ಬರಲಾಗದೆ ಕೇಳುತ್ತಿದ್ದೇನೆ.

ನಾಲ್ಕು ತಿಂಗಳ ಹಿಂದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ನನ್ನ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿದೆ, ಆದರೆ ಭಾರ ಹಿಡಿದು ಕೈ ತಿರುಗಿಸಲು ಇನ್ನೂ ಆಗುವುದಿಲ್ಲ. ನಮ್ಮಲ್ಲಿ ಇದ್ದದ್ದು ನಾಲ್ಕು ಲೀಟರಿನ ಲಿಕ್ವಿಡ್ ಕ್ಯಾನ್. ಅದನ್ನು ಎತ್ತಿ ಬಗ್ಗಿಸಿ ಅಂಗೈಯಷ್ಟೂ ಇಲ್ಲದ ಮುಚ್ಚಳಕ್ಕೆ ಸುರಿಯುವಾಗ ಮಣಿಕಟ್ಟು ಚುಳ್ಳೆನ್ನುತ್ತದೆ, ಅರ್ಧ ನೆಲದ ಪಾಲಾಗುತ್ತದೆ. ನನ್ನ ಪಾಡು ನೋಡಲಾರದೆ ಅಕ್ಕ 32 ಪಾಡ್‌ಗಳ ಒಂದು ಡಬ್ಬಿ ತಂದುಕೊಟ್ಟಳು. ಪಾಡ್ ಎಂದರೆ ಒಂದು ಒಗೆತಕ್ಕೆ ಬೇಕಾದಷ್ಟು ಲಿಕ್ವಿಡ್ ಅನ್ನು ನೀರಿನಲ್ಲಿ ಕರಗುವ ತೆಳು ಪೊರೆಯೊಳಗೆ ತುಂಬಿದ ಪುಟ್ಟ ಪೊಟ್ಟಣ. ಎಡಗೈಯಲ್ಲಿ ಒಂದನ್ನು ತೆಗೆದು ಯಂತ್ರದೊಳಗೆ ಹಾಕಿದರೆ ಮುಗಿಯಿತು. ಮೊದಲ ದಿನ ನನಗೆ ಕಣ್ಣಲ್ಲಿ ನೀರೇ ಬಂತು. ನಾಲ್ಕು ತಿಂಗಳಲ್ಲಿ ಯಾರ ಸಹಾಯವೂ ಇಲ್ಲದೆ ನಾನು ಮಾಡಿದ ಮೊದಲ ಮನೆಗೆಲಸ ಅದು.

ಆದರೂ ತೊಂದರೆಗಳಿವೆ. ಎರಡು ಬಾರಿ ನನ್ನ ಕಪ್ಪು ಪ್ಯಾಂಟಿನ ಮೇಲೆ ನೀಲಿ ಅಂಟಿನಂಥದ್ದು ಮೆತ್ತಿಕೊಂಡು ಹಾಗೆಯೇ ಒಣಗಿತು. ನನ್ನ ಗಂಡ ವಾಹನ ದುರಸ್ತಿ ಮಾಡುವವರು. ಅವರ ಬಟ್ಟೆಯ ಗ್ರೀಸ್ ಪಾಡ್‌ಗೆ ಪೂರ್ತಿ ಬಗ್ಗುತ್ತಿಲ್ಲ. ಮಗಳ ನಾಲ್ಕು ಪುಟ್ಟ ಅಂಗಿ ಒಗೆಯುವಾಗಲೂ ಇಡೀ ಪಾಡ್ ಹಾಕಬೇಕಲ್ಲ ಎಂದು ಮನಸ್ಸು ಹಿಂಜರಿಯುತ್ತದೆ. ನಮ್ಮದು ಏಳು ಕಿಲೋ ಫ್ರಂಟ್ ಲೋಡ್ ಯಂತ್ರ. ನೀರು ಗಡಸು, ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಮನೆಯಲ್ಲಿ ನಾವಿಬ್ಬರು, ಎರಡೂವರೆ ವರ್ಷದ ಮಗಳು ಮತ್ತು ಅತ್ತೆ. ಅತ್ತೆಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ.

ಕೈಗೆ ಸುಲಭವಾದದ್ದನ್ನೇ ಇಟ್ಟುಕೊಳ್ಳಲೇ, ಪುಡಿಗೆ ಹೋಗಲೇ? ಬಳಸಿದವರು ಹೇಳಿ.

ಬೆರಳಚ್ಚು:

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಒಬ್ಬನೇ ಇರುತ್ತೇನೆ. ನಿಮ್ಮ ಆ ಮೊದಲ ದಿನದ ಸಂತೋಷ ನನಗೆ ಚೆನ್ನಾಗಿ ಅರ್ಥವಾಯಿತು. ಲಿಕ್ವಿಡ್‌ನ ಮುಚ್ಚಳದಲ್ಲಿರುವ ಗೆರೆ ಕಣ್ಣಿದ್ದವರಿಗಾಗಿ ಇರುವಂಥದ್ದು. ನಾನು ವರ್ಷಗಟ್ಟಲೆ ಅಂದಾಜಿನ ಮೇಲೆ ಸುರಿದೆ. ಒಮ್ಮೆ ಬಟ್ಟೆ ಜಿಡ್ಡು, ಇನ್ನೊಮ್ಮೆ ಬೆವರಿನ ವಾಸನೆ ಹಾಗೆಯೇ. ಪಾಡ್ ಬಂದ ಮೇಲೆ ಆ ಕಷ್ಟ ತಪ್ಪಿತು. ಪಾಡ್ ಎಂದರೆ ಸೋಮಾರಿಗಳ ವಸ್ತು ಎಂದು ಯಾರಾದರೂ ಬರೆದಾಗ ನನಗೆ ನೋವಾಗುತ್ತದೆ.

ನಾನು ಕಲಿತದ್ದು ಇಷ್ಟು. ಕೈ ಪೂರ್ತಿ ಒಣಗಿರಬೇಕು. ಬೆರಳ ತುದಿಯ ತೇವಕ್ಕೇ ಪೊರೆ ಅಂಟಾಗುತ್ತದೆ, ಆ ಅಂಟು ಡಬ್ಬಿಯೊಳಗಿನ ಉಳಿದವಕ್ಕೂ ಹತ್ತುತ್ತದೆ. ಪಾಡ್ ಅನ್ನು ಪುಡಿ ಹಾಕುವ ಟ್ರೇಗೆ ಹಾಕಬಾರದು. ಖಾಲಿ ಡ್ರಮ್ಮಿನ ಹಿಂಭಾಗಕ್ಕೆ ಮೊದಲು ಪಾಡ್, ಅದರ ಮೇಲೆ ಬಟ್ಟೆ. ಡ್ರಮ್ಮಿನ ಮೇಲ್ಭಾಗದಲ್ಲಿ ನನ್ನ ಮುಷ್ಟಿ ಸಲೀಸಾಗಿ ಆಡುವಷ್ಟು ಜಾಗ ಉಳಿದಿದೆಯೇ ಎಂದು ನೋಡಿಕೊಂಡೇ ಬಾಗಿಲು ಹಾಕುತ್ತೇನೆ.

ಪಾಡ್ ಸಿಗದ ದಿನಗಳಲ್ಲಿ ಪುಡಿ ಬಳಸುತ್ತೇನೆ. ಚಮಚದಲ್ಲಿ ತುಂಬಿಕೊಂಡು ಮೇಲೆ ಬೆರಳು ಸವರಿದರೆ ತಲೆತಟ್ಟಿದ ಒಂದು ಅಳತೆ ಸಿಗುತ್ತದೆ. ಇದಕ್ಕೆ ಕಣ್ಣೂ ಬೇಡ, ಮಣಿಕಟ್ಟು ತಿರುಗಿಸುವುದೂ ಬೇಡ. ನಿಮಗೆ ಇದು ಒಗ್ಗಬಹುದು.

ಸ್ಪ್ಯಾನರ್:

ನಾನು 19 ವರ್ಷದಿಂದ ಒಗೆಯುವ ಯಂತ್ರ ದುರಸ್ತಿ ಮಾಡುತ್ತಿದ್ದೇನೆ. ನಿಮ್ಮ ಪ್ಯಾಂಟಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಎಲ್ಲ ಅಲ್ಲೇ ಇದೆ.

ಪಾಡ್‌ನ ಹೊರಪೊರೆ ಪಾಲಿವಿನೈಲ್ ಆಲ್ಕೊಹಾಲ್. ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಎನ್ನಿ. ನೀರು ಬೆಚ್ಚಗಿದ್ದು ಹೊತ್ತು ಸಾಕಷ್ಟು ಸಿಕ್ಕರೆ ಅದು ಪೂರ್ತಿ ಕರಗುತ್ತದೆ. ಚಳಿಗಾಲದ ತಣ್ಣೀರು, ಹದಿನೈದು ನಿಮಿಷದ ಅವಸರದ ಒಗೆತ, ಬಾಯಿಯವರೆಗೆ ತುರುಕಿದ ಡ್ರಮ್ ಸೇರಿದರೆ ಪೊರೆ ಅರೆಬರೆ ಕರಗಿ ಯಾವುದೋ ಮಡಿಕೆಯಲ್ಲಿ ಕುಳಿತುಬಿಡುತ್ತದೆ. ಹಾಗೆ ಮೆತ್ತಿದ ಬಟ್ಟೆಯನ್ನು ಒಣಹಾಕಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಬಿಸಿನೀರಿನಲ್ಲಿ ನೆನೆಸಿ, ಸೋಪು ಹಾಕದೆ ಇನ್ನೊಮ್ಮೆ ಒಗೆಯಿರಿ. ಒಣಗಿದ ಪ್ಯಾಂಟಿಗೂ ಇದೇ ಮದ್ದು, ಎರಡು ಮೂರು ಬಾರಿ ಬೇಕಾಗಬಹುದು.

ಒಳಗಿರುವ ದ್ರವ ಹೊಸತೇನಲ್ಲ. ಅನೇಕ ಸಾಮಾನ್ಯ ಲಿಕ್ವಿಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೀರು. ಪಾಡ್‌ನಲ್ಲಿ ಅಷ್ಟು ನೀರಿದ್ದರೆ ಪೊರೆ ಡಬ್ಬಿಯಲ್ಲೇ ಕರಗುತ್ತಿತ್ತು, ಆದ್ದರಿಂದ ನೀರನ್ನು ಬಹಳ ಕಡಿಮೆ ಮಾಡಿ ಗಟ್ಟಿ ಮಾಡಿರುತ್ತಾರೆ. ಹಾಗಾಗಿ ಅದರ ಗುಣಗಳು ಲಿಕ್ವಿಡ್‌ನವೇ. ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ. ಬಿಳಿ ಬಟ್ಟೆ ಹಳದಿಯಾಗಿದ್ದರೆ, ಮಣ್ಣು ಕೂತಿದ್ದರೆ ಪುಡಿಯೇ ಮೇಲು. ಒಳ್ಳೆಯ ಪುಡಿಯಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಇರುತ್ತದೆ, ನೀರು ತಾಗಿದಾಗ ಅದು ಹೈಡ್ರೊಜನ್ ಪೆರಾಕ್ಸೈಡ್ ಬಿಡುತ್ತದೆ. ಬಟ್ಟೆ ಬೆಳ್ಳಗಾಗುವುದು ಅದರಿಂದ. ದ್ರವದಲ್ಲಿ ಅದನ್ನು ಹಾಳಾಗದಂತೆ ಇಡುವುದು ಕಷ್ಟ.

ಹಾಗಾದರೆ ಪಾಡ್‌ಗೆ ಗ್ರೀಸ್ ಏಕೆ ಬಗ್ಗಲಿಲ್ಲ? ಗ್ರೀಸಿಗೆ ಬೇಕಾದದ್ದು ನೇರ ಸ್ಪರ್ಶ. ನಿಮ್ಮ ಕ್ಯಾನಿನಲ್ಲಿ ಉಳಿದ ಲಿಕ್ವಿಡ್ ಅನ್ನು ಕಲೆಯ ಮೇಲೆಯೇ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ಯಂತ್ರಕ್ಕೆ ಹಾಕಿ. ಇದಕ್ಕಾಗಿ ಪಾಡ್ ಒಡೆಯುವವರನ್ನು ಕಂಡಿದ್ದೇನೆ. ಅಂಥ ಸಾಹಸ ಬೇಡ.

ಇನ್ನು ಗಡಸು ನೀರು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಶಕ್ತಿಯನ್ನು ಮೊದಲೇ ತಿಂದುಹಾಕುತ್ತವೆ. ಪುಡಿಯಲ್ಲಿ ವಾಷಿಂಗ್ ಸೋಡಾ, ಜಿಯೊಲೈಟ್‌ನಂಥವನ್ನು ಬೆರೆಸುವುದು ಇವನ್ನು ಹಿಡಿದುಹಾಕಲೆಂದೇ. ನಿಮ್ಮ ನೀರಿಗೆ ಅರ್ಧ ಚಮಚ ಹೆಚ್ಚು, ಮಗುವಿನ ನಾಲ್ಕು ಅಂಗಿಗೆ ಅರ್ಧ ಚಮಚ ಕಡಿಮೆ ಎಂದು ಪುಡಿಯಲ್ಲಿ ಹೊಂದಿಸಬಹುದು. ಪಾಡ್‌ನಲ್ಲಿ ಒಂದರ ನಂತರ ಎರಡೇ, ಒಂದೂಕಾಲು ಎಂಬುದಿಲ್ಲ.

ದುರಸ್ತಿಗೆ ಹೋದಲ್ಲೆಲ್ಲ ನನಗೆ ಹೆಚ್ಚು ಸಿಗುವುದು ಸೋಪು ಕಡಿಮೆಯಾದ ಯಂತ್ರವಲ್ಲ, ಹೆಚ್ಚಾದ ಯಂತ್ರ. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಮೇಲಿಂದ ಬಿದ್ದು ಬಡಿದುಕೊಂಡೇ ಶುಚಿಯಾಗಬೇಕು. ನೊರೆ ಹೆಚ್ಚಾದರೆ ಅದು ಹಾಸಿಗೆಯಂತೆ ಬಟ್ಟೆಯನ್ನು ತಡೆದುಕೊಳ್ಳುತ್ತದೆ. ಕೊಳೆಯೂ ಉಳಿಯುತ್ತದೆ, ಸೋಪೂ ಉಳಿಯುತ್ತದೆ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಒಂದು ಪರೀಕ್ಷೆ ಮಾಡಿ ನೋಡಿ. ಒಗೆದಿಟ್ಟ ಟವೆಲ್‌ಗಳನ್ನು ಸೋಪಿಲ್ಲದೆ ಬೆಚ್ಚನೆಯ ನೀರಿನಲ್ಲಿ ತಿರುಗಿಸಿ. ಗಾಜಿನಲ್ಲಿ ನೊರೆ ಕಂಡರೆ ಅದೆಲ್ಲ ಹಿಂದಿನ ಒಗೆತಗಳ ಬಾಕಿ.

ರಾತ್ರಿಪಾಳಿ:

ನಾನು ಮಕ್ಕಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಪ್ರಶ್ನೆಯ ಕೊನೆಯ ಎರಡು ಸಾಲು ಓದಿ ನನ್ನ ಎದೆ ಧಸಕ್ಕೆಂದಿತು. ಎರಡೂವರೆ ವರ್ಷದ ಮಗು, ಮರೆವಿನ ಕಾಯಿಲೆಯ ಹಿರಿಯರು, ಅದೇ ಮನೆಯಲ್ಲಿ ಬಣ್ಣಬಣ್ಣದ ಪಾಡ್‌ಗಳು. ತಂಗೀ, ದಯವಿಟ್ಟು ಇವತ್ತೇ ಅವನ್ನು ಮನೆಯಿಂದ ಹೊರಗೆ ಕಳಿಸು. ಕಪಾಟಿನ ಮೇಲಿಡುವುದಲ್ಲ, ಹೊರಗೆ.

ಸಾಮಾನ್ಯ ಲಿಕ್ವಿಡ್ ಅನ್ನು ಮಗು ಬಾಯಿಗೆ ಹಾಕಿದರೆ ಸಾಮಾನ್ಯವಾಗಿ ಒಂದು ಗುಟುಕಿಗೇ ಮುಖ ಹಿಂಡಿ ಉಗುಳುತ್ತದೆ. ಪಾಡ್ ಹಾಗಲ್ಲ. ಜೊಲ್ಲಿಗೇ ಪೊರೆ ಕರಗುತ್ತದೆ, ಕಚ್ಚಿದರೆ ಒತ್ತಡಕ್ಕೆ ಒಡೆದು ಗಟ್ಟಿ ದ್ರವ ಒಮ್ಮೆಲೇ ಗಂಟಲಿಗೆ ಚಿಮ್ಮುತ್ತದೆ. ಆಮೇಲೆ ವಾಂತಿ, ಕೆಮ್ಮು, ಮಂಪರು. ಕೆಲವು ಮಕ್ಕಳಿಗೆ ಉಸಿರಾಟವೇ ಕಷ್ಟವಾಗುತ್ತದೆ. ಕೈಯಲ್ಲಿ ಹಿಂಡಿದರೆ ಕಣ್ಣಿಗೆ ಹಾರುತ್ತದೆ. ಅಮೆರಿಕದಲ್ಲಿ 2012 ಮತ್ತು 2013, ಈ ಎರಡೇ ವರ್ಷಗಳಲ್ಲಿ ಆರು ವರ್ಷದೊಳಗಿನ 17,230 ಮಕ್ಕಳ ವಿಷಯದಲ್ಲಿ ವಿಷ ಮಾಹಿತಿ ಕೇಂದ್ರಗಳಿಗೆ ಕರೆ ಬಂದಿತ್ತು. ಅಲ್ಲಿಯೇ ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಪಾಡ್‌ನಿಂದ ಕಣ್ಣು ಸುಟ್ಟುಕೊಂಡ ಪ್ರಕರಣಗಳು 2012ರಲ್ಲಿ 12 ಇದ್ದವು, 2015ರಲ್ಲಿ 480ಕ್ಕೆ ಏರಿದವು.

ಆ ನಂತರ ನಿಯಮಗಳು ಬಂದವು. ಯುರೋಪಿನ ಒಕ್ಕೂಟದಲ್ಲಿ 2015ರ ಜೂನ್‌ನಿಂದ ಡಬ್ಬಿ ಒಳಗಿನದು ಕಾಣದಂತಿರಬೇಕು, ಪೊರೆಯಲ್ಲಿ ಕಹಿ ಬೆರೆಸಿರಬೇಕು, 20 ಡಿಗ್ರಿಯ ನೀರಿನಲ್ಲಿ ಅದು ಕನಿಷ್ಠ 30 ಸೆಕೆಂಡು ತಾಳಬೇಕು. ಒಳ್ಳೆಯದೇ. ಆದರೆ 30 ಸೆಕೆಂಡು ಎಂದರೆ ನೀವು ಬಾಗಿಲು ತೆರೆದು ಯಾರು ಬಂದರೆಂದು ನೋಡಿ ಬರುವಷ್ಟು ಹೊತ್ತೂ ಅಲ್ಲ.

ಹಿರಿಯರ ಮಾತನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪಾಡ್ ನುಂಗಿ ಸತ್ತವರಲ್ಲಿ ಮರೆವಿನ ಕಾಯಿಲೆಯ ವೃದ್ಧರೂ ಇದ್ದಾರೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಪಾಡ್ ಬೇಡ ಎಂದು 2015ರಲ್ಲಿ ಹೇಳಿತು. ಮರೆವಿನ ಕಾಯಿಲೆಯವರಿರುವ ಮನೆಗೂ ಬೇಡ ಎಂದು 2017ರಲ್ಲಿ ಸೇರಿಸಿತು. ನಿಮ್ಮ ಮನೆಯಲ್ಲಿ ಎರಡೂ ಇವೆ. ಡಬ್ಬಿಯ ಬಿಗಿ ಮುಚ್ಚಳ ಮಗುವನ್ನು ತಡೆದೀತು, ಅತ್ತೆಯವರ ಕೈಗಳು ಇನ್ನೂ ದೊಡ್ಡವರ ಕೈಗಳೇ ಅಲ್ಲವೇ?

ಏನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಯಿ ಒರೆಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಕಣ್ಣಿಗೆ ಬಿದ್ದರೆ ಮೊದಲು ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ, ಮಗು ಎಷ್ಟೇ ಅತ್ತರೂ ನಿಲ್ಲಿಸಬೇಡಿ.

ಬೆರಳಚ್ಚು ಅವರೇ, ನಿಮ್ಮಂಥವರಿಗೆ ಪಾಡ್ ಎಷ್ಟು ಉಪಕಾರಿ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ನೀವು ಒಬ್ಬರೇ ಇರುವವರು. ನನ್ನ ಮಾತು ಈ ಮನೆಯ ಮಟ್ಟಿಗೆ.

ಎಡಗೈಯವಳು:

ನಿನ್ನೆ ರಾತ್ರಿ ಬರೆಯಲಾಗಲಿಲ್ಲ, ಕ್ಷಮಿಸಿ.

ಅಕ್ಕ ಎಂದೇ ಕರೆಯುತ್ತೇನೆ, ರಾತ್ರಿಪಾಳಿ ಅಕ್ಕ. ನೀವು ಬರೆದದ್ದನ್ನು ಓದಿದ ಕೂಡಲೇ ಹೋಗಿ ಪಾಡ್‌ಗಳನ್ನು ಎಣಿಸಿದೆ. ಡಬ್ಬಿಯಲ್ಲಿ ಇದ್ದದ್ದು 32. ಪಾಡ್ ಬಳಸಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ, ಅದು ಒಂಬತ್ತು ದಿನ. ಉಳಿಯಬೇಕಾದದ್ದು 23. ಮೂರು ಬಾರಿ ಎಣಿಸಿದರೂ 22.

ಮಗಳು ಮಲಗಿದ್ದಳು. ಮೊದಲು ಅವಳ ಬಾಯಿ ಮೂಸಿದೆ, ಬೆರಳು ನೋಡಿದೆ. ಯಂತ್ರದ ಹಿಂದೆ, ಕಸದ ಬುಟ್ಟಿಯಲ್ಲಿ, ಆಟಿಕೆಗಳ ನಡುವೆ ಹುಡುಕಿದೆವು. ನನ್ನ ಗಂಡ ನೆಲಕ್ಕೆ ಮಲಗಿ ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿದರು. ಕೊನೆಗೆ ಸಿಕ್ಕಿದ್ದು ಅತ್ತೆಯ ದಿಂಬಿನ ಕೆಳಗೆ. ಕರವಸ್ತ್ರದಲ್ಲಿ ನಾಲ್ಕು ಮಡಿಕೆ ಮಡಿಸಿ ಇಟ್ಟಿದ್ದರು. ಬೆವರಿನ ತೇವಕ್ಕೆ ಬಟ್ಟೆಗೆ ಅಂಟಿಕೊಂಡಿತ್ತು, ಒಡೆದಿರಲಿಲ್ಲ.

“ಇದೇನು ಅತ್ತೆ?” ಎಂದು ಕೇಳಿದೆ.

“ಮಗುವಿಗೆ. ಎದ್ದ ಮೇಲೆ ಕೊಡೋಣ ಎಂದು ಎತ್ತಿಟ್ಟಿದ್ದೇನೆ” ಎಂದರು.

ನನಗೆ ಮಾತೇ ಹೊರಡಲಿಲ್ಲ. ಅವರ ಮೇಲೆ ಸಿಟ್ಟು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಯಾವುದನ್ನೂ ನೆನಪಿಟ್ಟುಕೊಳ್ಳಲಾಗದ ಆ ಜೀವ ಮೊಮ್ಮಗಳಿಗೆ ಏನೋ ಕೊಡಬೇಕೆಂಬುದನ್ನು ಮಾತ್ರ ಹಿಡಿದಿಟ್ಟುಕೊಂಡಿದೆ. ಕರವಸ್ತ್ರ ತೆಗೆದುಕೊಂಡು ಅದರ ಬದಲಿಗೆ ಒಂದು ಹಿಡಿ ಕೆಂಪು ಉಲ್ಲನ್ ದಾರದ ಉಂಡೆ ಕೊಟ್ಟೆ. ಬೆಳಿಗ್ಗೆ ಅವರು ಅದನ್ನು ಮಗಳಿಗೆ ಕೊಟ್ಟರು. ಇಬ್ಬರೂ ಅರ್ಧ ಗಂಟೆ ಅದನ್ನು ನೆಲದ ಮೇಲೆ ಉರುಳಿಸಿ ಆಡಿದರು. ದಿಂಬಿನ ಕೆಳಗನ್ನು ಈಗ ದಿನಕ್ಕೆರಡು ಬಾರಿ ನೋಡುತ್ತೇನೆ.

22 ಪಾಡ್‌ಗಳನ್ನು ರಾತ್ರಿಯೇ ಗಂಡ ಅಕ್ಕನ ಮನೆಗೆ ಮುಟ್ಟಿಸಿ ಬಂದರು. ಅಲ್ಲಿ ದೊಡ್ಡವರು ಇಬ್ಬರೇ. ಕಥೆ ಕೇಳಿ ಅಕ್ಕ ಫೋನಿನಲ್ಲಿ ಅತ್ತಳು. ಅವಳು ತಂದದ್ದು ನನ್ನ ಕೈಗಾಗಿ, ಅದು ನನಗೆ ಗೊತ್ತು.

ಬೆರಳಚ್ಚು ಅವರೇ, ನಿಮ್ಮ ಚಮಚದ ಉಪಾಯ ಇವತ್ತು ಮಾಡಿದೆ. ಪುಡಿಯನ್ನು ಗಂಡ ಒಂದು ಸಣ್ಣ ಡಬ್ಬಿಗೆ ತುಂಬಿಸಿಕೊಟ್ಟರು. ಎಡಗೈಯಲ್ಲಿ ಚಮಚ, ಬಲಗೈಯ ಹೆಬ್ಬೆರಳಿನಿಂದ ಸವರಿದೆ. ನೋವಿಲ್ಲ. ಆ ಡಬ್ಬಿಯೂ ಬೀಗ ಹಾಕಿದ ಕಪಾಟಿನಲ್ಲೇ ಇದೆ.

ಸ್ಪ್ಯಾನರ್ ಅವರೇ, ಟವೆಲ್ ಪರೀಕ್ಷೆಯಲ್ಲಿ ಗಾಜಿನ ಅರ್ಧದವರೆಗೆ ನೊರೆ ಬಂತು. ಸೋಪೇ ಹಾಕಿರಲಿಲ್ಲ! ಇನ್ನೆರಡು ಪ್ರಶ್ನೆ. ಪುಡಿಯಿಂದ ಕಪ್ಪು ಬಟ್ಟೆಗೆ ಬಿಳಿ ಗುರುತು ಬೀಳುತ್ತದೆ ಎನ್ನುತ್ತಾರೆ, ಅದಕ್ಕೇನು ಮಾಡಲಿ? ಅತ್ತೆಯ ಉಣ್ಣೆಯ ಸ್ವೆಟರಿಗೂ ಇದೇ ಪುಡಿ ಹಾಕಬಹುದೇ?

ಸ್ಪ್ಯಾನರ್:

ಸ್ವೆಟರಿಗೆ ಬೇಡ. ಪುಡಿಯಲ್ಲಿ ರಕ್ತ, ಬೆವರಿನಂಥ ಕಲೆ ಕರಗಿಸಲು ಪ್ರೋಟಿಯೇಸ್ ಎಂಬ ಕಿಣ್ವ ಹಾಕಿರುತ್ತಾರೆ. ಅದರ ಕೆಲಸ ಪ್ರೋಟೀನನ್ನು ಒಡೆಯುವುದು, ಉಣ್ಣೆ ಮತ್ತು ರೇಷ್ಮೆ ಪ್ರೋಟೀನಿನಿಂದಲೇ ಆದವು. ಉಣ್ಣೆಗೆಂದೇ ಬರುವ ಕಿಣ್ವವಿಲ್ಲದ ಲಿಕ್ವಿಡ್ ತನ್ನಿ, ತಣ್ಣೀರಿನಲ್ಲಿ ಒಗೆಯಿರಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ.

ಕಪ್ಪು ಬಟ್ಟೆಗೆ ಲಿಕ್ವಿಡ್ಡೇ ಸರಿ. ನಿಮ್ಮ ಕ್ಯಾನಿನಲ್ಲಿ ಇರುವುದನ್ನು ಒತ್ತಿದರೆ ಬರುವ ಪಂಪಿನ ಸಣ್ಣ ಬಾಟಲಿಗೆ ಗಂಡನಿಂದ ತುಂಬಿಸಿಕೊಳ್ಳಿ. ಒಂದು ಒತ್ತಿಗೆ ಎಷ್ಟು ಬರುತ್ತದೆಂದು ಒಮ್ಮೆ ಅಳತೆ ಮುಚ್ಚಳದಲ್ಲಿ ನೋಡಿಟ್ಟುಕೊಂಡರೆ ಮತ್ತೆ ಎತ್ತುವ, ಬಗ್ಗಿಸುವ ಕೆಲಸವಿಲ್ಲ. ಎಡಗೈಯೇ ಸಾಕು. ಅದನ್ನೂ ಬೀಗದೊಳಗೇ ಇಡಿ.

ಟವೆಲ್‌ಗಳನ್ನು ಹಾಗೆಯೇ ಸೋಪಿಲ್ಲದೆ ಇನ್ನೂ ಎರಡು ಸಲ ತಿರುಗಿಸಿ. ನೊರೆ ನಿಂತ ಮೇಲೆ ಬಾಗಿಲಿನ ರಬ್ಬರ್ ಮಡಿಕೆಯನ್ನು ಒರೆಸಿ, ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಟ್ಟು ಒಣಗಿಸಿ, ಆಮೇಲೆ ಮುಚ್ಚಿಬಿಡಿ. ಬೇರೆ ಮನೆಗಳಲ್ಲಿ ಬಾಗಿಲು ಸದಾ ತೆರೆದಿರಲಿ ಎನ್ನುತ್ತೇನೆ. ಎರಡೂವರೆ ವರ್ಷದ ಮಗುವಿರುವಲ್ಲಿ ಹಾಗೆ ಹೇಳುವುದಿಲ್ಲ.