ಎಕ್ಸ್‌ಪೈರ್ ಆದ ಡೊಮೇನ್ ತಗೊಂಡು ಮಾರೋದು: ಡಿಲೀಟ್ ಆಗೋ ತನಕ ಕಾಯ್ಲಾ, ಆಕ್ಷನ್‌ಗೆ ಹೋಗ್ಲಾ?

ತುಮಕೂರು_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಅಂಗಡಿ, ಸ್ಕೂಲುಗಳಿಗೆ ವೆಬ್‌ಸೈಟ್ ಮಾಡ್ಕೊಡ್ತೀನಿ, ಅದರ ಜೊತೆಗೆ ಎಕ್ಸ್‌ಪೈರ್ ಆದ ಡೊಮೇನ್ (ವೆಬ್‌ಸೈಟ್ ಅಡ್ರೆಸ್) ಹಿಡಿದು ಮಾರೋದು ಶುರು ಮಾಡೋಣ ಅಂತ 20 ಸಾವಿರ ಎತ್ತಿಟ್ಟಿದೀನಿ. ಈಗ ಎರಡು ಹೆಸರು ಕಣ್ಣಿಗೆ ಬಿದ್ದಿವೆ, ಎರಡೂ ಡಾಟ್ ಕಾಮ್. ಒಂದು ದೊಡ್ಡ ಕೋಚಿಂಗ್ ಸಂಸ್ಥೆ ಹೆಸರಿಗೆ ಊರಿನ ಹೆಸರು ಸೇರಿಸಿರೋದು, ಅದು ಪೆಂಡಿಂಗ್ ಡಿಲೀಟ್ ಅಂತ ತೋರಿಸ್ತಿದೆ. ಇನ್ನೊಂದು ಅಡಿಕೆ ಹಾಳೆ ತಟ್ಟೆಗೆ ಇಂಗ್ಲಿಷಲ್ಲಿ ಹೇಳೋ ಪದಗಳನ್ನ ಹಾಗೇ ಜೋಡಿಸಿರೋದು, ಅದು ರಿಜಿಸ್ಟ್ರಾರ್ (ಡೊಮೇನ್ ಮಾರೋ ಕಂಪನಿ) ನಡೆಸೋ ಆಕ್ಷನ್‌ನಲ್ಲಿದೆ. ನನ್ನ ಪ್ರಶ್ನೆ ಏನಂದ್ರೆ ಆಕ್ಷನ್‌ನಲ್ಲಿ ಯಾಕೆ ಜಾಸ್ತಿ ಕೊಡ್ಬೇಕು, ಪೂರ್ತಿ ಡಿಲೀಟ್ ಆಗೋ ತನಕ ಕಾದ್ರೆ ಮಾಮೂಲಿ ರೇಟಿಗೇ ಸಿಗಲ್ವಾ? ಅನುಭವ ಇರೋರು ದಯವಿಟ್ಟು ಹೇಳಿ.

ಮಲ್ನಾಡ್_ನೆಟ್:
ಸಿಗಲ್ಲ ಸರ್, ಒಳ್ಳೇ ಹೆಸರು ಆ ಹಂತಕ್ಕೆ ಬರೋದೇ ಅಪರೂಪ. ಡಾಟ್ ಕಾಮ್ ಎಕ್ಸ್‌ಪೈರ್ ಆದ್ಮೇಲೆ ಹಳೇ ಓನರ್‌ಗೆ ರಿನ್ಯೂ ಮಾಡ್ಕೊಳೋಕೆ ಹೆಚ್ಚು ಅಂದ್ರೆ 45 ದಿನ ಇರುತ್ತೆ, ಆಮೇಲೆ 30 ದಿನ ರಿಡೆಂಪ್ಷನ್, ಆಗ ದಂಡ ಕಟ್ಟಿ ವಾಪಸ್ ತಗೋಬಹುದು, ಆಮೇಲೆ 5 ದಿನ ಪೆಂಡಿಂಗ್ ಡಿಲೀಟ್, ಆಮೇಲಷ್ಟೇ ಯಾರು ಬೇಕಾದ್ರೂ ತಗೋಬಹುದು. ಆದ್ರೆ ದೊಡ್ಡ ರಿಜಿಸ್ಟ್ರಾರ್‌ಗಳು ಮೊದಲ ಹಂತದಲ್ಲೇ ಹೆಸರನ್ನ ಆಕ್ಷನ್‌ಗೆ ಇಟ್ಬಿಡ್ತಾರೆ, ಅಲ್ಲಿ ಯಾರಿಗೂ ಬೇಡವಾದದ್ದೇ ಕೊನೇ ತನಕ ಬರೋದು.

ಅಪ್ಪಿತಪ್ಪಿ ಒಂದು ಒಳ್ಳೇದು ಬಂತು ಅನ್ಕೊಳಿ, ನಮ್ಮ ಟೈಮ್ ಪ್ರಕಾರ ರಾತ್ರಿ 11:30, 12:30ರ ಹೊತ್ತಿಗೆ ಡಾಟ್ ಕಾಮ್ ಡಿಲೀಟ್ ಶುರುವಾಗುತ್ತೆ, ನೀವು ಬ್ರೌಸರ್ ರಿಫ್ರೆಶ್ ಮಾಡ್ತಾ ಕೂತ್ರೆ ಪ್ರಯೋಜನ ಇಲ್ಲ. ಡ್ರಾಪ್‌ಕ್ಯಾಚ್, ಸ್ನ್ಯಾಪ್‌ನೇಮ್ಸ್ ಥರ ಡಿಲೀಟ್ ಆದ ಹೆಸರು ಹಿಡಿಯೋ ಕಂಪನಿಗಳು ಡಾಟ್ ಕಾಮ್ ಪಟ್ಟಿ ನೋಡ್ಕೊಳೋ ವೆರಿಸೈನ್ ಸರ್ವರ್‌ಗೆ ರಿಕ್ವೆಸ್ಟ್ ಕಳಿಸೋಕೆ ಅಂತಾನೇ ರಿಜಿಸ್ಟ್ರಾರ್ ಲೈಸೆನ್ಸ್‌ಗಳನ್ನ ಗುಡ್ಡೆ ಹಾಕ್ಕೊಂಡಿವೆ, ಸೆಕೆಂಡಿನ ಒಳಗೆ ಮುಗಿದೋಗುತ್ತೆ. ಅವರಲ್ಲೇ ಬ್ಯಾಕ್‌ಆರ್ಡರ್ (ಈ ಹೆಸರು ಹಿಡಿದುಕೊಡಿ ಅನ್ನೋ ಮುಂಗಡ ಆರ್ಡರ್) ಹಾಕಿ, ಸಾಮಾನ್ಯವಾಗಿ ಹೆಸರು ಸಿಕ್ಕಿದ್ರೆ ಮಾತ್ರ ದುಡ್ಡು, ಇಬ್ರು ಮೂವರು ಹಾಕಿದ್ರೆ ಅಲ್ಲೂ ಆಕ್ಷನ್ನೇ.

ಕೋರ್ಟ್_ರಸ್ತೆ:
ಕೋಚಿಂಗ್ ಹೆಸರು ಮುಟ್ಬೇಡಿ, ದಯವಿಟ್ಟು. ಡೊಮೇನ್ ಎಕ್ಸ್‌ಪೈರ್ ಆದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಎಕ್ಸ್‌ಪೈರ್ ಆಗಲ್ಲ. 1999ರ ಯಾಹೂ ಕೇಸಲ್ಲೇ ದೆಹಲಿ ಹೈಕೋರ್ಟ್ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್ ಥರದ ರಕ್ಷಣೆ ಇದೆ ಅಂತ ಹೇಳಿತ್ತು, 2004ರಲ್ಲಿ ಸತ್ಯಂ ಇನ್ಫೋವೇ ಕೇಸಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡ್ತು. ಕೋರ್ಟ್‌ವರೆಗೂ ಹೋಗ್ಬೇಕಾಗಿಲ್ಲ, ಡಾಟ್ ಕಾಮ್‌ಗೆ ಯುಡಿಆರ್‌ಪಿ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಇದೆ, ಎರಡೂ ಕೋರ್ಟಿನ ಹೊರಗೆ ಡೊಮೇನ್ ಜಗಳ ತೀರಿಸೋ ವ್ಯವಸ್ಥೆ, ಅವರಿಗೇ ಮಾರೋ ಉದ್ದೇಶದಿಂದ ತಗೊಂಡಿದೀರಿ ಅಂತ ಸಾಬೀತಾದ್ರೆ ಹೆಸರು ಸುಮ್ನೆ ಅವರ ಕೈಗೆ ಹೋಗುತ್ತೆ, ನಿಮಗೆ ಒಂದು ರೂಪಾಯಿನೂ ಬರಲ್ಲ. 2024ರಲ್ಲಿ ಜಿಯೋಹಾಟ್‌ಸ್ಟಾರ್ ಡೊಮೇನ್ ಇಟ್ಕೊಂಡಿದ್ದ ಹುಡುಗ ಓದೋಕೆ ದುಡ್ಡು ಕೊಡಿ ಅಂತ ರಿಲಯನ್ಸ್‌ನ ಕೇಳಿದ್ದು ನೆನಪಿದ್ಯಾ, ಅವರು ಒಪ್ಪಲಿಲ್ಲ. ನೀವು ಅವರಿಗೆ "ಇಷ್ಟು ಕೊಡಿ" ಅಂತ ಕಳಿಸೋ ಮೇಲ್ ಇರುತ್ತಲ್ಲ, ಅದೇ ನಿಮ್ಮ ವಿರುದ್ಧದ ಮೊದಲನೇ ಸಾಕ್ಷಿ.

ಹುಬ್ಬಳ್ಳಿ_ಮಂದಿ:
ಇನ್ನೊಂದು ಮಾತು ಐತ್ರಿ. ತಗೊಳ್ಳೋಕಿಂತ ಮುಂಚೆ ಹಳೇ ವೆಬ್‌ಪೇಜ್ ಕೂಡಿಟ್ಟಿರೋ ವೇಬ್ಯಾಕ್ ಮಷೀನ್‌ನ್ಯಾಗ ವರ್ಷ ವರ್ಷದ್ದು ತೆಗೆದು ನೋಡ್ರಿ. ಒಂದು ಸಾಲಿ ಡೊಮೇನ್ ನೋಡಿದ್ದೆ, ಮೊದಲಿನ ಪೇಜಿನಾಗ ಮಕ್ಕಳ ಫೋಟೋ, ಅಡ್ಮಿಷನ್ ಫಾರ್ಮ್, ಎಲ್ಲಾ ಚಲೋ ಇತ್ತು, ಆಮ್ಯಾಲಿನ ವರ್ಷದ್ದು ಕ್ಲಿಕ್ ಮಾಡಿದ್ರ ಪೂರ್ತಿ ಜೂಜಿನ ಜಾಹೀರಾತು, ಯಾವುದೋ ಬ್ಯಾರೆ ದೇಶದ ಭಾಷೆ. ಅಂಥಾದ್ದು ತಗೊಂಡ್ರ ಮಾರೋದು ಕಷ್ಟ. ಬ್ಯಾರೆ ಸೈಟ್‌ನಿಂದ ಬಂದ ಹಳೇ ಲಿಂಕ್ ಅದಾವ, ಅದರ ಮ್ಯಾಲೆ ಕಂಟೆಂಟ್ ತುಂಬಿ ಗೂಗಲ್ ರ್‍ಯಾಂಕ್ ಮಾಡ್ತೀನಿ ಅಂತ ವಿಡಿಯೋದಾಗ ಹೇಳ್ತಾರಲ್ಲ, 2024ರ ಮಾರ್ಚಿನಾಗ ಗೂಗಲ್ ಅದನ್ನ ಸ್ಪಾಮ್ ಅಂತ ಪಾಲಿಸಿಯೊಳಗ ಹಾಕೇತಿ.

ಮತ್ತ ಇದು ಭಾಳ ಮುಖ್ಯ, ಹಳೇ ಡೊಮೇನ್ ನಿಮ್ಮ ಕೈಗೆ ಬಂದ್ರ ಹಳೇ ಇಮೇಲ್ ಅಡ್ರೆಸ್‌ಗೆ ಬರೋ ಮೇಲೂ ನಿಮ್ಮ ಕೈಗೆ ಬರಬಹುದು. ದವಾಖಾನಿ ಡೊಮೇನ್ ಇದ್ರ ಪೇಷಂಟ್ ರಿಪೋರ್ಟ್ ಬರ್ತಾವ, ಯಾರದೋ ಪಾಸ್‌ವರ್ಡ್ ರಿಸೆಟ್ ಲಿಂಕ್ ಬರ್ತಾವ. ಮೇಲ್ ಸೆಟಪ್ ಮಾಡಾಕ ಹೋಗಬ್ಯಾಡ್ರಿ, ಆ ಹೆಸರು ವ್ಯಾಪಾರಕ್ಕ ಅಲ್ಲ.

ತುಮಕೂರು_ಹುಡುಗ:
ಧನ್ಯವಾದ ಎಲ್ರಿಗೂ, ಇಮೇಲ್ ವಿಷಯ ನನಗೆ ಹೊಳೆದೇ ಇರ್ಲಿಲ್ಲ. ಕೋಚಿಂಗ್‌ದು ಬಿಟ್ಟೆ. ಹಾಳೆ ತಟ್ಟೆದು ಈಗ 40 ಡಾಲರ್‌ಗೆ ನಿಂತಿದೆ, ವೇಬ್ಯಾಕ್‌ನಲ್ಲಿ ನೋಡ್ದೆ, ಯಾರೋ ಎಕ್ಸ್‌ಪೋರ್ಟ್ ಮಾಡೋರದ್ದೇ ಸೈಟ್ ಇತ್ತು, ಕ್ಲೀನ್ ಆಗಿದೆ. ಎಷ್ಟರ ತನಕ ಹೋಗ್ಬಹುದು?

ಮಲ್ನಾಡ್_ನೆಟ್:
ಅದು ಒಳ್ಳೇ ಆಯ್ಕೆ ಸರ್. ಅದು ಒಂದು ಸಾಮಾನು ಹೆಸರು, ಯಾರ ಬ್ರ್ಯಾಂಡೂ ಅಲ್ಲ, ಮತ್ತೆ ಕೊಳ್ಳೋರು ಯಾರು ಅಂತ ಕಣ್ಣ ಮುಂದೆ ಇದಾರೆ. ಶಿವಮೊಗ್ಗ, ದಕ್ಷಿಣ ಕನ್ನಡ ಕಡೆ ಹಾಳೆ ತಟ್ಟೆ ಮಾಡಿ ಹೊರದೇಶಕ್ಕೆ ಕಳಿಸೋರನ್ನ ಹುಡುಕಿ, ಯಾರ ಸೈಟಿನ ಅಡ್ರೆಸ್ ಉದ್ದುದ್ದ ಇದೆ, ಹೈಫನ್ ಇದೆ, ಯಾರು ಇನ್ನೂ ಜಿಮೇಲ್‌ನಲ್ಲೇ ವ್ಯವಹಾರ ಮಾಡ್ತಿದಾರೆ ಅಂತ ಬರ್ಕೊಳಿ. ಹತ್ತು ಹೆಸರು ಬರೆಯೋಕೆ ಆಗ್ಲಿಲ್ಲ ಅಂದ್ರೆ ತಗೋಬೇಡಿ, ಆ ಹತ್ತು ಜನ ಇಲ್ದಿದ್ರೆ ಹೆಸರು ಎಷ್ಟು ಚೆನ್ನಾಗಿದ್ರೂ ವರ್ಷ ವರ್ಷ ರಿನ್ಯೂವಲ್ ಕಟ್ಕೊಂಡು ಕೂರೋದೇ ಆಗುತ್ತೆ.

ಲೆಕ್ಕ ಹಾಕಿ, ಹೆಸರಿಗೆ ಸಾವಿರ ಅಂತ ಹಿಡಿದ್ರೂ 50 ಹೆಸರಿಗೆ ವರ್ಷಕ್ಕೆ 50 ಸಾವಿರ, ಇದನ್ನೇ ಮಾಡೋರು ಹೇಳೋದು ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಮಾರಿದ್ರೆ ಸರಿಯಾಗಿದೆ ಅಂತ. 2019ರಲ್ಲಿ ವಾಯ್ಸ್ ಡಾಟ್ ಕಾಮ್ 30 ಮಿಲಿಯನ್ ಡಾಲರ್‌ಗೆ ಹೋಯ್ತು ಅಂತ ವಿಡಿಯೋದಲ್ಲಿ ತೋರಿಸ್ತಾರೆ, ಅದನ್ನ ನೋಡಿ ನಮ್ಮ ಹೆಸರಿಗೆ ಬೆಲೆ ಕಟ್ಟೋಕೆ ಆಗಲ್ಲ, ಡೊಮೇನ್ ಮಾರಾಟದ ಬೆಲೆ ಪಟ್ಟಿ ಇರೋ ನೇಮ್‌ಬಯೋ ಸೈಟಲ್ಲಿ ಇದೇ ಥರದ ಎರಡು ಪದದ ಹೆಸರುಗಳು ಎಷ್ಟಕ್ಕೆ ಹೋಗಿವೆ ನೋಡಿ.

ನಾನಾದ್ರೆ 100 ಡಾಲರ್ ಮೇಲೆ ಒಂದು ಡಾಲರೂ ಹೋಗಲ್ಲ, ಮೇಲೆ ರಿನ್ಯೂವಲ್ ಚಾರ್ಜ್ ಬೇರೆ ಸೇರುತ್ತೆ. ಕೊನೇ 5 ನಿಮಿಷದಲ್ಲಿ ಬಿಡ್ ಬಂದ್ರೆ ಕೆಲವು ಕಡೆ ಟೈಮ್ ಮುಂದಕ್ಕೆ ಹೋಗುತ್ತೆ, ಆಗ ಹಠಕ್ಕೆ ಬೀಳ್ಬೇಡಿ. ಗೆದ್ದ ಮೇಲೂ ಹಳೇ ಓನರ್ ಬಂದು ರಿನ್ಯೂ ಮಾಡ್ಕೊಂಡ್ರೆ ನಿಮ್ಮ ದುಡ್ಡು ವಾಪಸ್ ಬರುತ್ತೆ, ಹೆಸರು ಬರಲ್ಲ, ಅದಕ್ಕೇ ನಿಮ್ಮ ಅಕೌಂಟಿಗೆ ಬಂದ್ಮೇಲೇ ಯಾರಿಗಾದ್ರೂ ಫೋನ್ ಮಾಡಿ. ಮಾರೋವಾಗ ಎಸ್ಕ್ರೋ (ದುಡ್ಡನ್ನ ನಡುವೆ ಇಟ್ಕೊಳೋ ಮೂರನೇ ಸಂಸ್ಥೆ) ಮೂಲಕಾನೇ ಮಾಡಿ, ದುಡ್ಡು ಅಲ್ಲಿಗೆ ಬಿದ್ದಿದೆ ಅಂತ ಕನ್ಫರ್ಮ್ ಆಗೋ ತನಕ ಟ್ರಾನ್ಸ್‌ಫರ್ ಕೋಡ್ ಕೊಡ್ಬೇಡಿ.